ಗಣಕಯಂತ್ರದ ತಿರುಳು ಮತ್ತು ಅದರ ಸಂರಕ್ಷಣೆ

(ಭಾಷಣದ ಪಾಠ)

ಮುಂಬಯಿಯಿಂದ ಹುಬ್ಬಳ್ಳಿಗೆ ಹೊರಡಲು ರೈಲಿನ ಮುಂಗಡ ಟಿಕೆಟು ಪಡೆಯುವವರು, ಪುಣೆಯ ಬ್ಯಾಂಕಿನಿಂದ ಊರಿನಲ್ಲಿರುವ ತಂದೆತಾಯಿಗಳಿಗೆ ಹಣ ಕಳುಹಿಸುವವರು, ಚೆನ್ನೈಯ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ವರದಿಗಾಗಿ ಕಾದು ಕುಳಿತವರು, ಇವರೆಲ್ಲರೂ ಅರಿತೋ ಅರಿಯದೆಯೋ ಒಂದೇ ಬಗೆಯ ತಂತ್ರಾಂಶದ ಮೇಲೆ ವಿಶ್ವಾಸವನ್ನಿರಿಸಿರುತ್ತಾರೆ. ಆ ತಂತ್ರಾಂಶವು ಪರದೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಅದರ ಹೆಸರನ್ನು ಬಹುಮಂದಿ ಕೇಳಿರುವುದೂ ಇಲ್ಲ. ಗಣಕಯಂತ್ರದ ಕಾರ್ಯಾಚರಣೆ ವ್ಯವಸ್ಥೆಯ ಅತ್ಯಂತ ಒಳಭಾಗವಾದ ಅದನ್ನು ತಜ್ಞರು ಕರ್ನಲ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ತಿರುಳು ಎಂದು ಕರೆಯಬಹುದು.

ಈ ತಿರುಳಿನೊಳಗೆ ಹೊರಗಿನವರು ತಮ್ಮ ಆದೇಶಗಳನ್ನು ಬರೆದು ನಡೆಸದಂತೆ ತಡೆಯುವುದು ಹೇಗೆ ಎಂಬುದೇ ಇಂದಿನ ವಿಷಯ. ಮೇಲ್ನೋಟಕ್ಕೆ ಇದು ಕೇವಲ ತಂತ್ರಜ್ಞರಿಗೆ ಸಂಬಂಧಿಸಿದ ವಿಚಾರವೆಂದು ತೋರಬಹುದು. ಆದರೆ 2017ರಲ್ಲಿ ಇದೇ ರಕ್ಷಣೆಯ ಕೊರತೆಯು ಇಂಗ್ಲೆಂಡಿನ ಸಹಸ್ರಾರು ರೋಗಿಗಳನ್ನು ವೈದ್ಯರ ಬಾಗಿಲಿನಿಂದ ಹಿಂದಿರುಗಿಸಿತು. ಆದುದರಿಂದ ಸಾಮಾನ್ಯ ನಾಗರಿಕನೂ ಇದನ್ನು ಅರಿತಿರುವುದು ಒಳಿತು.

ತಿರುಳು ಎಂದರೇನು?

ಗಣಕಯಂತ್ರದಲ್ಲಿ ಏಕಕಾಲಕ್ಕೆ ಅನೇಕ ತಂತ್ರಾಂಶಗಳು ಕೆಲಸ ಮಾಡುತ್ತಿರುತ್ತವೆ. ಪತ್ರ ಬರೆಯುವುದೊಂದು, ಲೆಕ್ಕ ಇಡುವುದೊಂದು, ಅಂತರಜಾಲವನ್ನು ತೋರಿಸುವುದೊಂದು. ಇವುಗಳಿಗೆ ಪ್ರೊಸೆಸರಿನ ಸಮಯವನ್ನು ಹಂಚುವುದು, ಮೆಮೊರಿ ಎಂದು ರೂಢಿಯಲ್ಲಿರುವ ಸ್ಮೃತಿಯಲ್ಲಿ ಸ್ಥಳ ಒದಗಿಸುವುದು, ಒಂದರ ಕಡತವನ್ನು ಇನ್ನೊಂದು ಮುಟ್ಟದಂತೆ ನೋಡಿಕೊಳ್ಳುವುದು, ಇವೆಲ್ಲವೂ ತಿರುಳಿನ ಹೊಣೆ. ಈ ಹೊಣೆಯನ್ನು ನಿರ್ವಹಿಸಲು ಅದಕ್ಕೆ ಪರಮಾಧಿಕಾರವನ್ನು ಕೊಡಲಾಗಿದೆ. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಅಧಿಕಾರದ ನಾಲ್ಕು ಸ್ತರಗಳಿದ್ದು, ಅವುಗಳಿಗೆ 0ಯಿಂದ 3ರವರೆಗೆ ಸಂಖ್ಯೆಗಳಿವೆ. ತಿರುಳು 0ಯ ಸ್ತರದಲ್ಲಿಯೂ ಜನರು ಬಳಸುವ ತಂತ್ರಾಂಶಗಳು 3ರ ಸ್ತರದಲ್ಲಿಯೂ ಕೆಲಸ ಮಾಡುತ್ತವೆ.

ಇದರ ಪರಿಣಾಮವನ್ನು ಗಮನಿಸಬೇಕು. 3ರ ಸ್ತರದ ಒಂದು ತಂತ್ರಾಂಶವು ಕೆಟ್ಟವರ ವಶವಾದರೆ ಹಾನಿಯು ಬಹುಮಟ್ಟಿಗೆ ಆ ತಂತ್ರಾಂಶಕ್ಕೂ ಅದರ ಬಳಕೆದಾರನಿಗೂ ಸೀಮಿತವಾಗಿ ಉಳಿಯಬಹುದು. ತಿರುಳೇ ಪರರ ವಶವಾದರೆ ಗಣಕಯಂತ್ರದಲ್ಲಿರುವ ಎಲ್ಲವೂ ಅವರ ವಶವಾದಂತೆ. ಸಂಕೇತಪದಗಳು, ಕಡತಗಳು, ವೈರಸ್ ನಿರೋಧಕ ತಂತ್ರಾಂಶವೂ ಸೇರಿದಂತೆ ಯಾವುದೂ ಆಗ ಸುರಕ್ಷಿತವಲ್ಲ.

ಆದೇಶವೂ ದತ್ತಾಂಶವೂ ಒಂದೇ ಮನೆಯಲ್ಲಿ

ಸಮಸ್ಯೆಯ ಮೂಲವು ಆಧುನಿಕ ಗಣಕಯಂತ್ರದ ಹುಟ್ಟಿನಲ್ಲಿಯೇ ಇದೆ. ಗಣಿತಜ್ಞ ಜಾನ್ ವಾನ್ ನಾಯ್ಮನ್ 1945ರಲ್ಲಿ ಎಡ್‌ವ್ಯಾಕ್ ಎಂಬ ಯಂತ್ರವನ್ನು ಕುರಿತು ಬರೆದ ವರದಿಯಲ್ಲಿ, ಯಂತ್ರವು ಪಾಲಿಸಬೇಕಾದ ಆದೇಶಗಳನ್ನೂ ಅದು ಸಂಸ್ಕರಿಸಬೇಕಾದ ದತ್ತಾಂಶವನ್ನೂ ಒಂದೇ ಸ್ಮೃತಿಯಲ್ಲಿ ಇರಿಸುವ ವಿನ್ಯಾಸವು ವಿವರಿಸಲ್ಪಟ್ಟಿತು. ಈ ವಿನ್ಯಾಸದಿಂದಾಗಿಯೇ ಒಂದೇ ಯಂತ್ರವು ಇಂದು ಲೆಕ್ಕಿಗನಾಗಿ, ನಾಳೆ ಚಿತ್ರಕಾರನಾಗಿ ಕೆಲಸ ಮಾಡಬಲ್ಲದು. ಆದರೆ ಸ್ಮೃತಿಯಲ್ಲಿರುವುದು ಕೇವಲ ಸಂಖ್ಯೆಗಳು. ಆ ಸಂಖ್ಯೆ ಆದೇಶವೋ ದತ್ತಾಂಶವೋ ಎಂಬುದು ಸಂಖ್ಯೆಯ ಮೇಲೆ ಬರೆದಿರುವುದಿಲ್ಲ.

ಒಂದು ಉದಾಹರಣೆಯನ್ನು ನೋಡಬಹುದು. ಸ್ಮೃತಿಯ ಒಂದು ಕೋಶದಲ್ಲಿ 65 ಎಂಬ ಸಂಖ್ಯೆ ಇದೆ ಎಂದುಕೊಳ್ಳೋಣ. ಅದನ್ನು ಅಕ್ಷರವೆಂದು ಓದಿದರೆ ಆಂಗ್ಲ ವರ್ಣಮಾಲೆಯ ದೊಡ್ಡ ಎ ಅಕ್ಷರ. ಅದನ್ನೇ 32 ಬಿಟ್‌ಗಳ ಇಂಟೆಲ್ ಪ್ರೊಸೆಸರು ಆದೇಶವೆಂದು ಓದಿದರೆ, ತನ್ನೊಳಗಿನ ಒಂದು ರಿಜಿಸ್ಟರಿನಲ್ಲಿರುವ ಸಂಖ್ಯೆಗೆ ಒಂದನ್ನು ಕೂಡಿಸುತ್ತದೆ. ಯಾರೋ ತಮ್ಮ ಹೆಸರೆಂದು ಬರೆದುಕೊಟ್ಟ ಅಕ್ಷರಗಳು ಹೀಗೆ ಯಂತ್ರಕ್ಕೆ ಆದೇಶಗಳಾಗಿ ಪರಿಣಮಿಸಬಹುದು.

ಸರ್ಕಾರಿ ಕಚೇರಿಯ ಹೋಲಿಕೆಯಿಂದ ಇದು ಸ್ಪಷ್ಟವಾಗುತ್ತದೆ. ಕಚೇರಿಯಲ್ಲಿ ಎರಡು ಬಗೆಯ ಕಾಗದಗಳಿರುತ್ತವೆ. ಸಾರ್ವಜನಿಕರಿಂದ ಟಪಾಲು ಶಾಖೆಗೆ ಬರುವ ಅರ್ಜಿಗಳು ಒಂದು ಬಗೆ, ಅಧಿಕಾರಿಯ ಸಹಿಯಿರುವ ಆದೇಶಗಳು ಇನ್ನೊಂದು ಬಗೆ. ಅರ್ಜಿಯಲ್ಲಿ ಯಾರು ಏನನ್ನಾದರೂ ಬರೆಯಬಹುದು. ಅದನ್ನು ಓದಿ ಪರಿಶೀಲಿಸುವುದು ಗುಮಾಸ್ತನ ಕೆಲಸ, ಅದರಲ್ಲಿ ಬರೆದಿದ್ದನ್ನು ನೇರವಾಗಿ ಜಾರಿಗೊಳಿಸುವುದಲ್ಲ. "ಖಜಾನೆಯ ಬೀಗದ ಕೈಯನ್ನು ಈ ಪತ್ರ ತಂದವನಿಗೆ ಕೊಡತಕ್ಕದ್ದು" ಎಂದು ಅರ್ಜಿಯೊಂದರಲ್ಲಿ ಬರೆದಿದ್ದರೆ ಕಚೇರಿಯು ನಕ್ಕು ಅದನ್ನು ಬದಿಗಿಡುತ್ತದೆ. ಆದರೆ ಗಣಕಯಂತ್ರದ ಪ್ರೊಸೆಸರು ವಿವೇಚನೆಯಿಲ್ಲದ ಗುಮಾಸ್ತ. ಯಾವ ಸಾಲನ್ನು ತೋರಿಸಿ ನಡೆಸೆಂದರೂ ಅದನ್ನು ನಡೆಸುತ್ತದೆ. ಆದುದರಿಂದ ಅರ್ಜಿಯು ಆದೇಶವಾಗದಂತೆ ಕಚೇರಿಯ ವ್ಯವಸ್ಥೆಯೇ ತಡೆಯಬೇಕು.

1988ರ ಪಾಠ

1988ರ ನವೆಂಬರ್ 2ರಂದು ಅಮೆರಿಕದ ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾ ಸಂಸ್ಥೆಗಳ ಗಣಕಯಂತ್ರಗಳು ಇದ್ದಕ್ಕಿದ್ದಂತೆ ಕುಂಠಿತವಾಗತೊಡಗಿದವು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ರಚಿಸಿದ, ತನ್ನ ಪ್ರತಿಗಳನ್ನು ತಾನೇ ಹರಡಿಕೊಳ್ಳುವ ಕ್ರಮವಿಧಿಯೇ ಇದಕ್ಕೆ ಕಾರಣವಾಗಿತ್ತು. ಸುಮಾರು 6000 ಯಂತ್ರಗಳು ಇದಕ್ಕೆ ತುತ್ತಾದವೆಂದು ಆಗ ಅಂದಾಜು ಮಾಡಲಾಯಿತು. ಅದು ಬಳಸಿದ ದಾರಿಗಳಲ್ಲಿ ಒಂದು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಫಿಂಗರ್ ಎಂಬ ಸೇವೆಯು ಹೊರಗಿನಿಂದ ಬರುವ ಪ್ರಶ್ನೆಗಾಗಿ 512 ಬೈಟುಗಳ ಸ್ಥಳವನ್ನು ಮೀಸಲಿಟ್ಟಿತ್ತು. ಬಂದ ಪ್ರಶ್ನೆ ಅದಕ್ಕಿಂತ ಉದ್ದವಾಗಿದೆಯೇ ಎಂದು ಅದು ಪರಿಶೀಲಿಸುತ್ತಿರಲಿಲ್ಲ. ಮಾರಿಸ್‌ನ ಕ್ರಮವಿಧಿಯು 536 ಬೈಟುಗಳನ್ನು ಕಳುಹಿಸಿತು.

ಉಳಿದ 24 ಬೈಟುಗಳು ಎಲ್ಲಿಗೆ ಹೋದವು? ಪಕ್ಕದ ಸ್ಥಳಕ್ಕೆ ಉಕ್ಕಿ ಹರಿದವು. ಅಲ್ಲಿ, ಈ ಕೆಲಸ ಮುಗಿದ ಮೇಲೆ ಮುಂದಿನ ಆದೇಶವನ್ನು ಯಾವ ವಿಳಾಸದಲ್ಲಿ ಓದಬೇಕು ಎಂಬ ಟಿಪ್ಪಣಿಯನ್ನು ಯಂತ್ರವು ತನಗಾಗಿ ಬರೆದಿಟ್ಟುಕೊಂಡಿತ್ತು. ಆ ಟಿಪ್ಪಣಿಯ ಮೇಲೆ ಹೊಸ ವಿಳಾಸವು ಬರೆಯಲ್ಪಟ್ಟಿತು. ಆ ಹೊಸ ವಿಳಾಸವು ಬಂದ ಪ್ರಶ್ನೆಯೊಳಗೇ ಅಡಗಿದ್ದ ಆದೇಶಗಳದು. ಅರ್ಜಿಯ ಕಾಲಂನಲ್ಲಿ ಹಿಡಿಸದಷ್ಟು ಬರೆದು, ಅಡಿಯಲ್ಲಿದ್ದ ಗುಮಾಸ್ತನ ಟಿಪ್ಪಣಿಯನ್ನು ಅಳಿಸಿ, "ಮುಂದಿನ ಕ್ರಮಕ್ಕಾಗಿ ಇದೇ ಅರ್ಜಿಯ ಮೊದಲ ಸಾಲನ್ನು ನೋಡುವುದು" ಎಂದು ತಿದ್ದಿದಂತೆ.

ಇಲ್ಲಿ ಎರಡು ಲೋಪಗಳಿದ್ದವು. ಉದ್ದವನ್ನು ಅಳೆಯದಿದ್ದುದು ತಂತ್ರಾಂಶ ಬರೆದವರ ಲೋಪ. ಪ್ರಶ್ನೆಯನ್ನು ಇರಿಸುವ ಸ್ಥಳದಿಂದ ಆದೇಶಗಳನ್ನು ನಡೆಸಲು ಯಂತ್ರವು ಅನುಮತಿಸಿದ್ದು ವ್ಯವಸ್ಥೆಯ ಲೋಪ. ಲಕ್ಷಾಂತರ ಸಾಲುಗಳ ತಂತ್ರಾಂಶದಲ್ಲಿ ಮೊದಲನೆಯ ಬಗೆಯ ಲೋಪವನ್ನು ಸಂಪೂರ್ಣವಾಗಿ ನಿವಾರಿಸುವುದು ಮನುಷ್ಯಸಾಧ್ಯವಲ್ಲವೆಂದು ಅನುಭವವು ತೋರಿಸಿದೆ. ಎರಡನೆಯದನ್ನು ನಿವಾರಿಸಬಹುದು. ಅದನ್ನು ನಿವಾರಿಸಿದರೆ ಮೊದಲನೆಯ ಬಗೆಯ ಎಷ್ಟೋ ಲೋಪಗಳು ಇದ್ದೂ ಅಷ್ಟಾಗಿ ಹಾನಿ ಮಾಡಲಾರವು.

ಪುಟಗಳು ಮತ್ತು ಅನುಮತಿಗಳು

ಸ್ಮೃತಿಯನ್ನು ನಿರ್ವಹಣೆಯ ಅನುಕೂಲಕ್ಕಾಗಿ ಪುಟಗಳಾಗಿ ವಿಂಗಡಿಸಲಾಗುತ್ತದೆ. ಸಾಮಾನ್ಯವಾಗಿ ಒಂದು ಪುಟದಲ್ಲಿ 4096 ಬೈಟುಗಳಿರುತ್ತವೆ. ಪ್ರತಿಯೊಂದು ಪುಟಕ್ಕೂ ಪುಟಪಟ್ಟಿಯೆಂಬ ದಾಖಲೆಯಲ್ಲಿ ಒಂದು ನಮೂದು ಇರುತ್ತದೆ. ಆ ಪುಟವು ನಿಜವಾಗಿ ಎಲ್ಲಿದೆ, ಅದನ್ನು ಯಾರು ಮುಟ್ಟಬಹುದು, ಅದರಲ್ಲಿ ಬರೆಯಬಹುದೇ ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಪ್ರೊಸೆಸರು ಪ್ರತಿ ಸಲವೂ ಈ ಅನುಮತಿಗಳನ್ನು ಪರಿಶೀಲಿಸಿಯೇ ಮುಂದುವರಿಯುತ್ತದೆ.

1960ರ ದಶಕದ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲಿಯೇ ಓದುವ, ಬರೆಯುವ ಮತ್ತು ನಡೆಸುವ ಅನುಮತಿಗಳು ಪ್ರತ್ಯೇಕವಾಗಿದ್ದವು. ಆದರೆ ಮನೆಮನೆಗೆ ಬಂದ ವೈಯಕ್ತಿಕ ಗಣಕಯಂತ್ರವು ಈ ವಿವೇಕವನ್ನು ತನ್ನೊಡನೆ ತರಲಿಲ್ಲ. 1985ರಲ್ಲಿ ಬಂದ ಇಂಟೆಲ್ 80386 ಪ್ರೊಸೆಸರಿನ ಪುಟಪಟ್ಟಿಯಲ್ಲಿ ಬರೆಯುವ ಅನುಮತಿಗೆ ಒಂದು ಗುರುತು ಇತ್ತು. ನಡೆಸುವ ಅನುಮತಿಗೆ ಪ್ರತ್ಯೇಕ ಗುರುತು ಇರಲಿಲ್ಲ. ಪುಟದ ಮಟ್ಟದಲ್ಲಿ ಓದಬಹುದಾದುದೆಲ್ಲವೂ ನಡೆಸಬಹುದಾದುದೂ ಆಗಿತ್ತು. ಇದಲ್ಲದೆ, ಬರೆಯಕೂಡದೆಂದು ಗುರುತು ಮಾಡಿದ ಪುಟದಲ್ಲಿಯೂ ತಿರುಳು ಬರೆಯಬಹುದಾಗಿತ್ತು, ಏಕೆಂದರೆ ಪರಮಾಧಿಕಾರಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. 1989ರ 80486 ಪ್ರೊಸೆಸರಿನಲ್ಲಿ, ಬರೆಯುವ ನಿರ್ಬಂಧಕ್ಕೆ ತಿರುಳೂ ಒಳಪಡುವಂತೆ ಮಾಡುವ ವ್ಯವಸ್ಥೆಯು ಸೇರಿತು. ನಿಯಮ ಮಾಡಿದವನಿಗೂ ನಿಯಮವು ಅನ್ವಯಿಸಬೇಕೆಂಬ ತತ್ತ್ವವು ಆ ಒಂದು ಬಿಟ್‌ನಲ್ಲಿ ಅಡಗಿದೆ.

ನಡೆಸುವ ಅನುಮತಿಯ ಗುರುತು ಬರಲು ಇನ್ನೂ ಹದಿನಾಲ್ಕು ವರ್ಷಗಳು ಬೇಕಾದವು. ಅಷ್ಟರೊಳಗೆ, 2000ದಲ್ಲಿ, ಪ್ಯಾಕ್ಸ್ ಎಂಬ ಯೋಜನೆಯವರು ಲಿನಕ್ಸ್ ವ್ಯವಸ್ಥೆಯಲ್ಲಿ ಕೇವಲ ತಂತ್ರಾಂಶದ ಚಾತುರ್ಯದಿಂದ ಈ ರಕ್ಷಣೆಯನ್ನು ಸಾಧಿಸಿ ತೋರಿಸಿದ್ದರು. 2003ರಲ್ಲಿ ಎಎಂಡಿ ಸಂಸ್ಥೆಯ 64 ಬಿಟ್ ಪ್ರೊಸೆಸರುಗಳು ಹೊರಬಂದಾಗ ಪುಟಪಟ್ಟಿಯ ನಮೂದಿನ ತುತ್ತತುದಿಯ ಬಿಟ್, ಅಂದರೆ 63ನೆಯದು, "ಇಲ್ಲಿಂದ ನಡೆಸಕೂಡದು" ಎಂಬ ನಿಷೇಧಕ್ಕೆ ಮೀಸಲಾಯಿತು. ಇಂಟೆಲ್ 2004ರಲ್ಲಿ ಇದೇ ದಾರಿಯನ್ನು ಹಿಡಿಯಿತು. ಓಪನ್ ಬಿಎಸ್‌ಡಿ ಎಂಬ ವ್ಯವಸ್ಥೆಯು 2003ರ ಮೇ ತಿಂಗಳ ಆವೃತ್ತಿಯಲ್ಲಿಯೂ, ಮೈಕ್ರೋಸಾಫ್ಟ್ ಸಂಸ್ಥೆಯು 2004ರ ಆಗಸ್ಟ್‌ನಲ್ಲಿ ಹೊರತಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕ್‌ನಲ್ಲಿಯೂ ಈ ಬಗೆಯ ರಕ್ಷಣೆಯನ್ನು ಅಳವಡಿಸಿದವು.

ಇದರಿಂದ ಮೂಡಿದ ನಿಯಮವನ್ನು ಹೀಗೆ ಹೇಳಬಹುದು: ಬರೆಯಬಹುದಾದ ಪುಟದಿಂದ ನಡೆಸಬಾರದು, ನಡೆಸಬಹುದಾದ ಪುಟದಲ್ಲಿ ಬರೆಯಬಾರದು. ಅರ್ಜಿಯ ಕಡತದಲ್ಲಿ ಯಾರು ಬೇಕಾದರೂ ಬರೆಯಲಿ, ಅದು ಜಾರಿಯಾಗುವುದಿಲ್ಲ. ಆದೇಶಪುಸ್ತಕದಲ್ಲಿರುವುದು ಜಾರಿಯಾಗಲಿ, ಅದರಲ್ಲಿ ಯಾರೂ ಗೀಚುವಂತಿಲ್ಲ.

2017ರ ಮೇ 12

ಈ ನಿಯಮವನ್ನು ಜನಬಳಕೆಯ ತಂತ್ರಾಂಶಗಳಿಗೆ ಅನ್ವಯಿಸಿದಷ್ಟು ಶೀಘ್ರವಾಗಿ ತಿರುಳಿಗೆ ಪೂರ್ಣವಾಗಿ ಅನ್ವಯಿಸಲಿಲ್ಲ. ಅದರ ಬೆಲೆಯನ್ನು ಜಗತ್ತು 2017ರಲ್ಲಿ ತೆರಬೇಕಾಯಿತು.

ಆ ವರ್ಷದ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳನ್ನು ಹೊಕ್ಕು, ಕಡತಗಳಿಗೆ ಗೂಢಲಿಪಿಯ ಬೀಗ ಹಾಕಿ, ಅವುಗಳನ್ನು ಬಿಡಿಸಲು 300 ಡಾಲರುಗಳನ್ನು ಕೇಳಿತು. ಬ್ರಿಟನ್ನಿನ ಲೆಕ್ಕಪರಿಶೋಧನಾ ಕಚೇರಿಯು ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟುಗಳ ಪೈಕಿ ಕನಿಷ್ಠ 81ರ ಕೆಲಸಕ್ಕೆ ಅಡಚಣೆಯಾಯಿತು. ರದ್ದಾದುವೆಂದು ಗುರುತಿಸಲಾದ ವೈದ್ಯರ ಭೇಟಿಗಳು 6912. ಒಟ್ಟು ಸಂಖ್ಯೆ 19000ವನ್ನು ಮೀರಿರಬಹುದೆಂದು ಅಂದಾಜು ಮಾಡಲಾಯಿತು. ಭಾರತದಲ್ಲಿಯೂ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಯಂತ್ರಗಳು ಮತ್ತು ಕೇರಳದ ಕೆಲವು ಪಂಚಾಯಿತಿ ಕಚೇರಿಗಳ ಗಣಕಯಂತ್ರಗಳು ಇದಕ್ಕೆ ಸಿಲುಕಿದ ವರದಿಗಳು ಬಂದವು.

ಈ ದಾಳಿಯು ಹೇಗೆ ಸಾಧ್ಯವಾಯಿತು? ವಿಂಡೋಸ್ ವ್ಯವಸ್ಥೆಯಲ್ಲಿ ಕಡತಗಳನ್ನು ಜಾಲದ ಮೂಲಕ ಹಂಚಿಕೊಳ್ಳುವ ಸೇವೆಯು ತಿರುಳಿನೊಳಗೇ ಕೆಲಸ ಮಾಡುತ್ತದೆ. ಹೊರಗಿನಿಂದ ಬಂದ ಒಂದು ಪಟ್ಟಿಯ ಗಾತ್ರವನ್ನು ಲೆಕ್ಕ ಹಾಕುವಾಗ, 32 ಬಿಟ್‌ಗಳ ಸಂಖ್ಯೆಯಲ್ಲಿ 16 ಬಿಟ್‌ಗಳನ್ನು ಮಾತ್ರ ತಿದ್ದುವ ದೋಷ ಅದರಲ್ಲಿತ್ತು. ಇದರಿಂದ ಬೇಕಾದುದಕ್ಕಿಂತ ಕಡಿಮೆ ಸ್ಥಳವು ಮೀಸಲಾಗಿ, ಮಿಕ್ಕ ದತ್ತಾಂಶವು ನೆರೆಯ ಸ್ಥಳಕ್ಕೆ ಉಕ್ಕಿತು. ಮುಂದೆ ಜಾಲದಿಂದ ಬರುವುದನ್ನು ಯಾವ ವಿಳಾಸದಲ್ಲಿ ಬರೆಯಬೇಕೆಂಬ ಮಾಹಿತಿ ಆ ನೆರೆಯ ಸ್ಥಳದಲ್ಲಿತ್ತು. ದಾಳಿಕಾರರು ಅದನ್ನು ತಿದ್ದಿದರು.

ಇಲ್ಲಿಯವರೆಗೆ ನಡೆದದ್ದು 1988ರ ಕಥೆಯ ಪುನರಾವೃತ್ತಿ. ಆದರೆ ತಮ್ಮ ಆದೇಶಗಳನ್ನು ಎಲ್ಲಿ ಬರೆಯಿಸಬೇಕು? ಅದಕ್ಕೆ ಮೂರು ಗುಣಗಳಿರುವ ಸ್ಥಳ ಬೇಕು: ಅದರ ವಿಳಾಸ ಮೊದಲೇ ತಿಳಿದಿರಬೇಕು, ಅಲ್ಲಿ ಬರೆಯಲು ಸಾಧ್ಯವಿರಬೇಕು, ಅಲ್ಲಿಂದ ನಡೆಸಲೂ ಸಾಧ್ಯವಿರಬೇಕು. ವಿಂಡೋಸ್ 7ರ ತಿರುಳಿನಲ್ಲಿ, ಯಂತ್ರಾಂಶದೊಡನೆ ವ್ಯವಹರಿಸುವ ಭಾಗಕ್ಕೆಂದು ಮೀಸಲಾಗಿದ್ದ ಒಂದು ಪ್ರದೇಶವು ಈ ಮೂರು ಗುಣಗಳನ್ನೂ ಹೊಂದಿತ್ತು. ಎಲ್ಲ ಯಂತ್ರಗಳಲ್ಲಿಯೂ ಅದು ಒಂದೇ ವಿಳಾಸದಲ್ಲಿತ್ತು. ದಾಳಿಕಾರರ ಆದೇಶಗಳು ದತ್ತಾಂಶದ ವೇಷದಲ್ಲಿ ಅಲ್ಲಿಗೆ ಹೋಗಿ ಕುಳಿತವು. ಜಾಲಸಂಪರ್ಕವನ್ನು ಮುಗಿಸುವ ವೇಳೆಗೆ ತಿರುಳು ತಾನಾಗಿಯೇ ಅವುಗಳನ್ನು ನಡೆಸಿತು. ಬಳಕೆದಾರನು ಯಾವ ಪತ್ರವನ್ನೂ ತೆರೆಯಬೇಕಾಗಿರಲಿಲ್ಲ, ಯಾವ ಗುಂಡಿಯನ್ನೂ ಒತ್ತಬೇಕಾಗಿರಲಿಲ್ಲ.

2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಅದೇ ಪ್ರದೇಶದಿಂದ ಆದೇಶಗಳನ್ನು ನಡೆಸುವುದನ್ನು ನಿಷೇಧಿಸಲಾಗಿತ್ತು. ಆ ದೋಷ ಅಲ್ಲಿಯೂ ಇದ್ದರೂ ದಾಳಿಯ ಈ ಮೂಲರೂಪವು ಅಲ್ಲಿ ಫಲಿಸುವಂತಿರಲಿಲ್ಲ. ಪುಟದ ಮೇಲಿನ ಒಂದು ಗುರುತಿಗೆ ಇಷ್ಟೊಂದು ಮಹತ್ವವಿದೆ.

ಎರಡು ಬಾಗಿಲುಗಳ ತೊಡಕು

ನಿಯಮವು ಸರಳವಾಗಿದ್ದರೂ ತಿರುಳಿನಲ್ಲಿ ಅದನ್ನು ಪಾಲಿಸುವುದು ಸುಲಭವಲ್ಲ. ಅದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದಾಗಿ, ತಿರುಳು ಆಗಾಗ್ಗೆ ತನ್ನ ಆದೇಶಗಳನ್ನು ತಾನೇ ತಿದ್ದಿಕೊಳ್ಳಬೇಕಾಗುತ್ತದೆ. ಪ್ರೊಸೆಸರಿನ ಸಾಮರ್ಥ್ಯಕ್ಕೆ ತಕ್ಕಂತೆ ಹೊಂದಿಕೊಳ್ಳಲು, ದೋಷ ಪತ್ತೆಗಾಗಿ ಅಳತೆಯ ಬಿಂದುಗಳನ್ನು ಸೇರಿಸಲು, ಯಂತ್ರವನ್ನು ನಿಲ್ಲಿಸದೆಯೇ ದುರಸ್ತಿ ಮಾಡಲು ಇದು ಅವಶ್ಯಕ. ಇಂತಹ ತಿದ್ದುಪಡಿಯು ಎಷ್ಟು ಅಪಾಯಕಾರಿ ಎಂಬುದಕ್ಕೆ 2008ರ ಪ್ರಸಂಗವೊಂದು ನಿದರ್ಶನ. ಆಗ ಲಿನಕ್ಸ್‌ನ 2.6.27ನೆಯ ಆವೃತ್ತಿಯು ಸಿದ್ಧವಾಗುತ್ತಿತ್ತು. ಅದನ್ನು ಪರೀಕ್ಷಿಸುತ್ತಿದ್ದ ಕೆಲವರ ಇಂಟೆಲ್ ಜಾಲ ಕಾರ್ಡುಗಳು ನಿಷ್ಕ್ರಿಯವಾಗತೊಡಗಿದವು. ತನಿಖೆಯಿಂದ ತಿಳಿದುಬಂದ ಸಂಗತಿ ಇದು: ತಿರುಳಿನ ಅಳತೆಯ ಸಾಧನವು ತಾನು ತಿದ್ದಬೇಕಾದ ಆದೇಶಗಳ ವಿಳಾಸಗಳನ್ನು ಪಟ್ಟಿ ಮಾಡಿಕೊಂಡಿತ್ತು. ಅವುಗಳಲ್ಲಿ ಕೆಲವು ಆದೇಶಗಳು ಕೆಲಸ ಮುಗಿಸಿ ತೆರವಾಗಿದ್ದವು. ಆ ವಿಳಾಸಗಳಲ್ಲಿ ಈಗ ಜಾಲ ಕಾರ್ಡಿನ ಶಾಶ್ವತ ಸ್ಮೃತಿಯು ಕಾಣಿಸಿಕೊಂಡಿತ್ತು. ಹಳೆಯ ಪಟ್ಟಿಯನ್ನು ನಂಬಿದ ಸಾಧನವು ಆ ಸ್ಮೃತಿಯ ಮೇಲೆಯೇ ಬರೆಯಿತು. ಅಲ್ಲಿ ಯಾವ ಶತ್ರುವೂ ಇರಲಿಲ್ಲ, ಹಾನಿಯಾದದ್ದು ತಿರುಳಿನ ಸ್ವಂತ ಲೇಖನಿಯಿಂದಲೇ.

ಇಂದು ಇಂತಹ ತಿದ್ದುಪಡಿಗೆ ಕಟ್ಟುನಿಟ್ಟಾದ ವಿಧಾನವಿದೆ. ಆದೇಶವಿರುವ ಪುಟದ ಮೇಲಿನ ನಿರ್ಬಂಧವನ್ನು ತೆಗೆಯುವುದಿಲ್ಲ. ಬದಲಾಗಿ ಅದೇ ಪುಟಕ್ಕೆ ಬರೆಯುವ ಅನುಮತಿಯುಳ್ಳ ಇನ್ನೊಂದು ತಾತ್ಕಾಲಿಕ ವಿಳಾಸವನ್ನು ಕ್ಷಣಕಾಲ ಸೃಷ್ಟಿಸಿ, ಬರೆದು, ಕೂಡಲೇ ಅಳಿಸಲಾಗುತ್ತದೆ. 2019ರಿಂದ ಲಿನಕ್ಸ್‌ನಲ್ಲಿ, ಇಂಟೆಲ್ ಮಾದರಿಯ ಪ್ರೊಸೆಸರುಗಳ ಮಟ್ಟಿಗೆ, ಈ ತಾತ್ಕಾಲಿಕ ವಿಳಾಸವು ಬರೆಯುತ್ತಿರುವ ಪ್ರೊಸೆಸರಿಗೆ ಮಾತ್ರ ಕಾಣಿಸುತ್ತದೆ, ಪಕ್ಕದ ಪ್ರೊಸೆಸರುಗಳಿಗೆ ಕಾಣಿಸುವುದಿಲ್ಲ.

ಎರಡನೆಯ ತೊಡಕೂ ಇದಕ್ಕೆ ಸಂಬಂಧಿಸಿದ್ದು. ಒಂದೇ ಪುಟಕ್ಕೆ ಎರಡು ವಿಳಾಸಗಳಿರಬಹುದು ಎಂದ ಮೇಲೆ ಒಂದು ಬಾಗಿಲಿಗೆ ಬೀಗ ಹಾಕಿ ಇನ್ನೊಂದನ್ನು ತೆರೆದಿಟ್ಟರೆ ಪ್ರಯೋಜನವಿಲ್ಲ. ಆದುದರಿಂದ ತಿರುಳಿನ ಆದೇಶಗಳಿರುವ ಪುಟಗಳಿಗೆ ಎಷ್ಟು ವಿಳಾಸಗಳಿವೆಯೋ ಅಷ್ಟನ್ನೂ ಹುಡುಕಿ ನಿರ್ಬಂಧಿಸಬೇಕಾಗುತ್ತದೆ.

ಮೂರನೆಯದು, ತಿರುಳು ಪರಮಾಧಿಕಾರದಲ್ಲಿದ್ದುಕೊಂಡು ಜನಬಳಕೆಯ ತಂತ್ರಾಂಶದ ಪುಟದಲ್ಲಿರುವುದನ್ನು ನಡೆಸಿಬಿಡುವ ಅಪಾಯ. ಹಿರಿಯ ಅಧಿಕಾರಿಯು ಸಾರ್ವಜನಿಕರ ನಿರೀಕ್ಷಣಾ ಕೊಠಡಿಯಲ್ಲಿ ಬಿದ್ದಿದ್ದ ಚೀಟಿಯನ್ನು ಆದೇಶವೆಂದು ಜಾರಿಗೊಳಿಸಿದಂತೆ. ಇದನ್ನು ತಡೆಯುವ ವ್ಯವಸ್ಥೆಯು 2012ರಿಂದ ಇಂಟೆಲ್ ಪ್ರೊಸೆಸರುಗಳಲ್ಲಿ ಬಂದಿದೆ.

ಇಷ್ಟೆಲ್ಲ ಇದ್ದರೂ ರಕ್ಷಣೆಯು ಸಾರ್ವತ್ರಿಕವಾಗಲು ಕಾಲ ಹಿಡಿಯಿತು. ಲಿನಕ್ಸ್‌ನಲ್ಲಿ ತಿರುಳಿನ ಆದೇಶಗಳ ಮೇಲೆ ಬರೆಯದಂತೆ ಮಾಡುವ ಏರ್ಪಾಡು ಬಹುಕಾಲ ದೋಷ ಪತ್ತೆಯ ಸಹಾಯಕವೆಂಬ ಹೆಸರಿನಲ್ಲಿ ಐಚ್ಛಿಕವಾಗಿಯೇ ಉಳಿದಿತ್ತು. ಇಂಟೆಲ್ ಮಾದರಿಯ ಪ್ರೊಸೆಸರುಗಳಿಗೆ ಅದು ಕಡ್ಡಾಯವಾದದ್ದು 2016ರಲ್ಲಿ.

ಕಾವಲುಗಾರನ ಮೇಲೊಬ್ಬ ಕಾವಲುಗಾರ

ಇನ್ನೊಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ. ಅನುಮತಿಗಳ ಪುಟಪಟ್ಟಿಯೂ ಸ್ಮೃತಿಯಲ್ಲಿಯೇ ಇರುತ್ತದೆ. ಅದನ್ನು ಬರೆಯುವುದು ತಿರುಳು. ಹೀಗಿರುವಾಗ ತಿರುಳಿನ ದೋಷವನ್ನು ಬಳಸಿಕೊಂಡು ಆ ಪಟ್ಟಿಯನ್ನೇ ತಿದ್ದಿದರೆ? 2017ರಲ್ಲಿಯೇ ಇದು ಸಾಧ್ಯವೆಂದು ಸಾಬೀತಾಯಿತು. ಮೇಲೆ ಹೇಳಿದ ದಾಳಿಯನ್ನು ವಿಂಡೋಸ್ 8ಕ್ಕೆ ಹೊಂದಿಸಿ ತೋರಿಸಿದ ಸಂಶೋಧನೆಯಲ್ಲಿ, ಮೊದಲು ಪುಟಪಟ್ಟಿಯ ನಮೂದಿನಲ್ಲಿದ್ದ "ನಡೆಸಕೂಡದು" ಎಂಬ ಬಿಟ್ಟನ್ನು ಅಳಿಸಲಾಯಿತು, ಆಮೇಲೆ ಆದೇಶಗಳನ್ನು ನಡೆಸಲಾಯಿತು. ಪುಟಪಟ್ಟಿಯ ವಿಳಾಸವು ಆ ಆವೃತ್ತಿಯಲ್ಲಿ ಬದಲಾಗದೆ ಇದ್ದುದು ಇದಕ್ಕೆ ಅನುಕೂಲವಾಯಿತು. 2016ರ ವಿಂಡೋಸ್ 10 ಪರಿಷ್ಕರಣೆಯಲ್ಲಿ ಆ ವಿಳಾಸವನ್ನು ಪ್ರತಿ ಬಾರಿಯೂ ಬದಲಾಗುವಂತೆ ಮಾಡಲಾಗಿತ್ತು.

ಇದಕ್ಕೆ ಇನ್ನೂ ದೃಢವಾದ ಪರಿಹಾರವೆಂದರೆ, ತಿರುಳಿಗಿಂತಲೂ ಮೇಲಿನ ಸ್ತರದಲ್ಲಿ ಇನ್ನೊಂದು ಚಿಕ್ಕ ಕಾವಲು ತಂತ್ರಾಂಶವನ್ನು ಇರಿಸುವುದು. ಅದರ ಬಳಿ ಪ್ರತ್ಯೇಕವಾದ ಎರಡನೆಯ ಅನುಮತಿ ಪಟ್ಟಿ ಇರುತ್ತದೆ. ತಿರುಳು ತನ್ನ ಪಟ್ಟಿಯಲ್ಲಿ ಏನನ್ನೇ ಬರೆದುಕೊಂಡರೂ ಎರಡನೆಯ ಪಟ್ಟಿಯು ಒಪ್ಪದೆ ಯಾವ ಪುಟವೂ ನಡೆಯುವುದಿಲ್ಲ. ಹೊಸ ಡ್ರೈವರ್ ತಂತ್ರಾಂಶವು ತಿರುಳನ್ನು ಸೇರಬೇಕಾದರೆ ಮೊದಲು ಅದರ ಅಂಕೀಯ ಸಹಿಯು ಪರಿಶೀಲಿಸಲ್ಪಟ್ಟು, ಅನಂತರವೇ ಅದರ ಪುಟಗಳಿಗೆ ನಡೆಸುವ ಅನುಮತಿ ದೊರೆಯುತ್ತದೆ. ವಿಂಡೋಸ್‌ನಲ್ಲಿ ಈ ವ್ಯವಸ್ಥೆಯು 2015ರಿಂದ, ವಿಂಡೋಸ್ 10ರೊಡನೆ ಲಭ್ಯವಾಯಿತು. ಆಪಲ್ ಸಂಸ್ಥೆಯು 2016ರ ಎ10 ಚಿಪ್‌ನಿಂದ ಮೊದಲುಗೊಂಡು ಯಂತ್ರಾಂಶದಲ್ಲಿಯೇ ಬೀಗವನ್ನು ಅಳವಡಿಸಿತು. ಫೋನು ಚಾಲನೆಗೊಂಡ ಮೇಲೆ ತಿರುಳಿನ ಆದೇಶಗಳಿರುವ ಪ್ರದೇಶವು ಮುಚ್ಚಲ್ಪಟ್ಟು, ಮತ್ತೆ ಚಾಲನೆಗೊಳಿಸುವವರೆಗೆ ಅಲ್ಲಿ ಬರೆಯಲು ಸಾಧ್ಯವಾಗುವುದಿಲ್ಲ.

ರಕ್ಷಣೆಯ ಮಿತಿಗಳು

ಈ ರಕ್ಷಣೆಯಿಂದ ಎಲ್ಲವೂ ಸುರಕ್ಷಿತವಾಯಿತೆಂದು ಭಾವಿಸುವುದು ತಪ್ಪು. ಹೊಸ ಆದೇಶವನ್ನು ಬರೆಯಲಾಗದವರು ಹಳೆಯ ಆದೇಶಗಳ ತುಣುಕುಗಳನ್ನೇ ತಮಗೆ ಬೇಕಾದ ಕ್ರಮದಲ್ಲಿ ಜೋಡಿಸಿ ನಡೆಸಬಲ್ಲರು. ಆದೇಶಪುಸ್ತಕದಲ್ಲಿ ಏನನ್ನೂ ಬರೆಯದೆ, ಬೇರೆ ಬೇರೆ ಪುಟಗಳ ಅರ್ಧ ವಾಕ್ಯಗಳನ್ನು ಹೆಕ್ಕಿ ಓದಿಸಿ ಹೊಸ ಅರ್ಥ ಬರಿಸಿದಂತೆ. ಹೋವಾವ್ ಶಾಚಮ್ ಎಂಬ ವಿದ್ವಾಂಸರು 2007ರಲ್ಲಿ ಇದರ ವ್ಯಾಪ್ತಿಯನ್ನು ಸಂಶೋಧನಾ ಲೇಖನವೊಂದರಲ್ಲಿ ತೋರಿಸಿದರು. ಇದನ್ನು ತಡೆಯುವ ಯಂತ್ರಾಂಶದ ಏರ್ಪಾಡು 2020ರಿಂದ ಇಂಟೆಲ್ ಪ್ರೊಸೆಸರುಗಳಲ್ಲಿ ಬಂದಿದೆ. ಸಹಿಯುಳ್ಳ, ಆದರೆ ದೋಷಪೂರಿತವಾದ ಹಳೆಯ ಡ್ರೈವರ್ ತಂತ್ರಾಂಶವನ್ನು ದಾಳಿಕಾರರೇ ತಂದು ಅಳವಡಿಸಿ, ಅದರ ಮೂಲಕ ತಿರುಳನ್ನು ಪ್ರವೇಶಿಸುವುದೂ ಉಂಟು.

ಅಧಿಕೃತರ ತಪ್ಪಿಗಂತೂ ಈ ರಕ್ಷಣೆಯಲ್ಲಿ ಮದ್ದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ, ತಿರುಳಿನೊಳಗೆ ಕೆಲಸ ಮಾಡುವ ತಂತ್ರಾಂಶವು ದೋಷಯುಕ್ತ ಪರಿಷ್ಕರಣೆಯೊಂದನ್ನು ಓದಿ, ತನಗೆ ಸೇರದ ಸ್ಮೃತಿಯನ್ನು ಮುಟ್ಟಿತು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಅಂದು ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟದ್ದು ಅನೇಕರ ನೆನಪಿನಲ್ಲಿರಬಹುದು. ತಿರುಳಿನೊಳಗೆ ಪ್ರವೇಶ ಪಡೆಯುವವರ ಸಂಖ್ಯೆಯು ಕಡಿಮೆಯಿದ್ದಷ್ಟೂ ಕ್ಷೇಮ ಎಂಬುದು ಈ ಪ್ರಸಂಗದ ಪಾಠ.

ಸಾರ್ವಜನಿಕರು ಮಾಡಬೇಕಾದುದು

ವನ್ನಾಕ್ರೈ ಬಳಸಿಕೊಂಡ ದೋಷವನ್ನು ಸರಿಪಡಿಸುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ರಕಟಿಸಿತ್ತು. ದಾಳಿಯು ನಡೆದದ್ದು ಅದಾದ 59 ದಿನಗಳ ನಂತರ. ಇಂಗ್ಲೆಂಡಿನಲ್ಲಿ ಸೋಂಕಿಗೆ ಒಳಗಾದ ಆರೋಗ್ಯ ಸಂಸ್ಥೆಗಳೆಲ್ಲವೂ ಪರಿಷ್ಕರಣೆಯನ್ನು ಅಳವಡಿಸಿಕೊಳ್ಳದ ಅಥವಾ ತಯಾರಕರ ಬೆಂಬಲ ಮುಗಿದಿದ್ದ ವಿಂಡೋಸ್ ವ್ಯವಸ್ಥೆಯನ್ನು ಬಳಸುತ್ತಿದ್ದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಆದುದರಿಂದ ಪ್ರತಿಯೊಬ್ಬರೂ ಕೆಲವು ಸರಳ ಕ್ರಮಗಳನ್ನು ಅನುಸರಿಸಬಹುದು. ಗಣಕಯಂತ್ರ ಮತ್ತು ಫೋನಿನಲ್ಲಿ ಅಪ್‌ಡೇಟ್ ಎಂಬ ಸೂಚನೆ ಬಂದಾಗ ಅದನ್ನು ಮುಂದೂಡುತ್ತ ಹೋಗದೆ ಅಳವಡಿಸಿಕೊಳ್ಳಬೇಕು. ತಿರುಳಿನ ದೋಷಗಳ ದುರಸ್ತಿಯೂ ಅದರೊಳಗೇ ಬರುತ್ತದೆ. ವಿಂಡೋಸ್ 7ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಮುಗಿದಿದೆ. ಅಂಗಡಿ, ಶಾಲೆ, ಸಂಘಸಂಸ್ಥೆಗಳ ಕಚೇರಿಗಳಲ್ಲಿ ಇನ್ನೂ ಇಂತಹ ಯಂತ್ರಗಳಿದ್ದರೆ ಅವುಗಳನ್ನು ಹೊಸ ವ್ಯವಸ್ಥೆಗೆ ಬದಲಾಯಿಸುವ ಏರ್ಪಾಡು ಮಾಡಬೇಕು, ಅಲ್ಲಿಯವರೆಗೆ ಜಾಲದಿಂದ ದೂರವಿಡಬೇಕು.

ವಿಂಡೋಸ್ 11 ಬಳಸುವವರು ವಿಂಡೋಸ್ ಸೆಕ್ಯುರಿಟಿ ಎಂಬಲ್ಲಿ ಡಿವೈಸ್ ಸೆಕ್ಯುರಿಟಿ, ಅದರೊಳಗೆ ಕೋರ್ ಐಸೊಲೇಷನ್ ಎಂಬುದನ್ನು ತೆರೆದರೆ ಮೆಮೊರಿ ಇಂಟೆಗ್ರಿಟಿ ಎಂಬ ಗುಂಡಿ ಕಾಣಿಸುತ್ತದೆ. ಮೇಲೆ ವಿವರಿಸಿದ ಎರಡನೆಯ ಕಾವಲುಗಾರನೇ ಅದು. ಅದು ಚಾಲನೆಯಲ್ಲಿರುವುದು ಒಳಿತು. ಹಳೆಯ ಪ್ರಿಂಟರಿನ ಅಥವಾ ಇನ್ನಾವುದೋ ಉಪಕರಣದ ಡ್ರೈವರ್ ತಂತ್ರಾಂಶವು ಅದಕ್ಕೆ ಹೊಂದದಿದ್ದರೆ ಹೊಸ ಡ್ರೈವರನ್ನು ತಯಾರಕರಿಂದಲೇ ಪಡೆಯಬೇಕು. ಆಟ ವೇಗವಾಗಿ ಓಡಲೆಂದೋ ಕದ್ದ ತಂತ್ರಾಂಶವು ಕೆಲಸ ಮಾಡಲೆಂದೋ ಈ ಗುಂಡಿಯನ್ನು ಆರಿಸಿರೆಂದು ಯಾರಾದರೂ ಸಲಹೆ ಕೊಟ್ಟರೆ ಅದನ್ನು ಅನುಸರಿಸಬಾರದು. ಮುಖ್ಯ ಕಡತಗಳ ಒಂದು ಪ್ರತಿಯನ್ನು ಯಂತ್ರದಿಂದ ಬೇರ್ಪಡಿಸಿ ಇಟ್ಟುಕೊಳ್ಳುವುದೂ ಅವಶ್ಯಕ, ಏಕೆಂದರೆ ಯಾವ ಕಾವಲೂ ಪರಿಪೂರ್ಣವಲ್ಲ.

ಭಾರತದಲ್ಲಿ 2004ರಿಂದ ಸರ್ಟ್-ಇನ್ ಎಂಬ ರಾಷ್ಟ್ರೀಯ ತಂಡವು ಇಂತಹ ದೋಷಗಳನ್ನು ಕುರಿತು ಎಚ್ಚರಿಕೆಗಳನ್ನು ಪ್ರಕಟಿಸುತ್ತ ಬಂದಿದೆ. ಅದು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ದುಷ್ಟ ತಂತ್ರಾಂಶಗಳನ್ನು ತೆಗೆದುಹಾಕುವ ಸಾಧನಗಳು ಸಾರ್ವಜನಿಕರಿಗೆ ಉಚಿತವಾಗಿ ದೊರೆಯುತ್ತವೆ. ಇವುಗಳ ಪ್ರಯೋಜನವನ್ನು ಪಡೆದುಕೊಳ್ಳಬೇಕು.

ಮಾನ್ಯ ಸಭಿಕರೇ, ಅರ್ಜಿ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ, ಆದರೆ ಅರ್ಜಿಯು ತಾನಾಗಿಯೇ ಆದೇಶವಾಗಿಬಿಡಬಾರದು. ಉತ್ತಮ ಆಡಳಿತದಲ್ಲಿ ಬಹುಕಾಲದಿಂದ ಪಾಲಿಸಲಾಗುತ್ತಿರುವ ಈ ಕಟ್ಟಳೆಯನ್ನು ಗಣಕಯಂತ್ರವು ಹಲವು ದಶಕಗಳ ಕಹಿ ಅನುಭವದಿಂದ ಕಲಿಯಬೇಕಾಯಿತು. ಈಗ ಆ ಕಟ್ಟಳೆಯು ಪ್ರೊಸೆಸರಿನ ಒಳಗೆ ಒಂದು ಬಿಟ್ಟಾಗಿ, ತಿರುಳಿನ ಒಳಗೆ ಒಂದು ನಿಯಮವಾಗಿ, ಪರದೆಯ ಮೇಲೆ ಒಂದು ಗುಂಡಿಯಾಗಿ ಇದೆ. ಅದನ್ನು ಆರಿಸದೆ ಉಳಿಸಿಕೊಳ್ಳುವುದು ಮತ್ತು ಯಂತ್ರವನ್ನು ಕಾಲಕಾಲಕ್ಕೆ ಪರಿಷ್ಕರಿಸಿಕೊಳ್ಳುವುದು ಬಳಸುವವರ ಕೈಯಲ್ಲಿದೆ. ಆಸ್ಪತ್ರೆಯ ಮೇಜಿನ ಮೇಲಿರುವ ಯಂತ್ರದ ಮಟ್ಟಿಗೆ ಈ ಎಚ್ಚರವು, ತನ್ನ ಸರದಿಗಾಗಿ ಹೊರಗೆ ಕಾಯುತ್ತ ಕುಳಿತ ರೋಗಿಯ ಬಗೆಗಿನ ಎಚ್ಚರವೂ ಆಗಿದೆ.